ಹವಾಯಿ ಚಪ್ಪಲಿಯ ಕಪ್ಪೆ

ಎರೆಹುಳ ಬಿಟ್ಟರೆ ಬೇರೆ ಯಾವುದರ ಮೇಲೂ ನನಗೆ ನಂಬಿಕೆ ಇರಲಿಲ್ಲ. ಬಡವನಹಳ್ಳಿಯಲ್ಲಿ ನನ್ನದೊಂದು ಟೈಲರ್ ಅಂಗಡಿ. ಸಂತೆ ದಿನ ಬಿಟ್ಟರೆ ಬೆಳಿಗ್ಗೆ ಹೊತ್ತು ಗಿರಾಕಿಗಳು ಕಡಿಮೆ. ಹಾಗಾಗಿ ಎರಡು ಗಂಟೆ ಹೊತ್ತು ಕೆರೆಯ ಬದಿಯಲ್ಲಿ ಗಾಳ ಹಿಡಿದು ಕೂರುವುದು ನನ್ನ ಚಾಳಿ. ಹುಳ ಚುಚ್ಚು, ನೀರಿಗೆ ಬಿಡು, ಬೆಂಡು ಅಲ್ಲಾಡಿದರೆ ಎಳೆ. ಗೆಂಡೆಯೋ ಜಿಲೇಬಿ ಮೀನೋ ಸಾರಿಗಾಗುವಷ್ಟು ಸಿಗುತ್ತಿತ್ತು. ಇಷ್ಟಕ್ಕೇ ನಾನು ದೊಡ್ಡ ಬೇಟೆಗಾರನ ಹಾಗೆ ಮೀಸೆ ತಿರುವಿಕೊಂಡು ಮನೆಗೆ ಬರುತ್ತಿದ್ದೆ.

ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು, ಹೆಂಡತಿ ಚೊಚ್ಚಲ ಬಸುರಿ. ಮೂರು ತಿಂಗಳಿಗೆ ನಿಲ್ಲಬೇಕಾದ ವಾಂತಿ ಏಳಕ್ಕೆ ಬಿದ್ದರೂ ನಿಂತಿರಲಿಲ್ಲ. ಮುದ್ದೆ ಮುರಿದು ಬಾಯಿಗಿಟ್ಟುಕೊಂಡರೆ ಸಾಕು, ಹಿತ್ತಲಿಗೆ ಓಡುವಳು. ಅವಳ ರವಿಕೆಯ ತೋಳನ್ನು ನಾನೇ ಎರಡು ಸಲ ಒಳಗೆ ಹಿಡಿದು ಹೊಲಿದಿದ್ದೆ. ಹೊಟ್ಟೆಯೊಂದು ಬಿಟ್ಟು ಮೈಯೆಲ್ಲ ಇಳಿದುಹೋಗುತ್ತಿತ್ತು. ಬಾಯಿಬಿಟ್ಟು ಹೇಳದಿದ್ದರೂ ನನಗೆ ಬಹಳ ಹೆದರಿಕೆಯಾಗಿತ್ತು.

ಅವಳ ತವರು ಪಾವಗಡದಾಚೆ, ಆಂಧ್ರದ ಗಡಿಯ ಹತ್ತಿರ. ಒಂದು ಭಾನುವಾರ ಗೋಡೆಗೊರಗಿ ಕೂತು ಹೇಳಿದಳು: “ಏಮಯ್ಯಾ, ನಮ್ಮೂರಾಗೆ ಕೊರ್ರಮೀನು ಪುಲುಸು ಮಾಡ್ತಾರೆ. ಅದೊಂದು ಸಿಕ್ಕಿದ್ರೆ ಮುದ್ದೆ ಒಳೀಕೆ ಹೋಗ್ತದೆ ಅನ್ನಿಸ್ತದೆ.”

ಪುಲುಸು ಅಂದರೆ ಹುಣಿಸೆಹುಳಿಯ ಸಾರು, ಅದೇನೂ ಕಷ್ಟವಲ್ಲ. ಕಷ್ಟ ಇದ್ದದ್ದು ಕೊರಮೀನಿನದು. ಕರಿ ಮೈ, ಹಾವಿನಂಥ ತಲೆ, ಜೊಂಡಿನೊಳಗೆ ಅವಿತು ಕೂರುವ ಕಳ್ಳ. ನಮ್ಮ ಸಂತೆಗೆ ಬರುತ್ತಿದ್ದುದು ಒಣಮೀನು ಮಾತ್ರ. ಮುಂದಿನ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಅವಳ ಅಣ್ಣ ಬಂದು ಹೆರಿಗೆಗೆ ತವರಿಗೆ ಕರೆದೊಯ್ಯುವುದೆಂದು ಆಗಲೇ ನಿಶ್ಚಯವಾಗಿತ್ತು. ಅಷ್ಟರೊಳಗೆ ನನ್ನ ಮನೆಯಲ್ಲಿ ಒಂದು ಹೊತ್ತಾದರೂ ಹೊಟ್ಟೆ ತುಂಬ ಉಂಡು ಹೋಗಲಿ ಎನ್ನುವುದೊಂದೇ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಸೋಮವಾರ ಹುಳ ಹಾಕಿದೆ, ಗೆಂಡೆ ಬಂತು. ಮಂಗಳವಾರ ರಾಗಿ ಮುದ್ದೆಯ ಉಂಡೆ ಹಾಕಿದೆ, ಅದಕ್ಕೂ ಗೆಂಡೆಯೇ. ಕೊರಮೀನಿಗೆ ಜೀವಂತ ಕಪ್ಪೆಯೇ ಆಗಬೇಕೆಂದು ಯಾರೋ ಹೇಳಿದರು. ಬಚ್ಚಲ ಹಿಂದೆ ಹಿಡಿದ ಕಪ್ಪೆಯನ್ನು ಡಬ್ಬಕ್ಕೆ ಹಾಕಿಕೊಂಡು ಹೊರಟೆ. ಬಾಗಿಲಲ್ಲೇ ಅವ್ವ ಅಡ್ಡ ನಿಂತಳು.

“ಬಸ್ರಿ ಗಂಡ ಆಗಿ ಕಪ್ಪೆಗೆ ಗಾಳ ಚುಚ್ತೀಯೇನ್ಲಾ? ಮಗೀಗೆ ಏನಾರ ಆದ್ರೆ?”

“ಮೀನ್ಗೂ ಜೀವ ಇಲ್ವೇನವ್ವ?”

“ಮೀನು ತಿನ್ನಾಕಿರಾದು. ಕಪ್ಪೆ ತಿಂತೀಯಾ ನೀನು?”

“ಮತ್ತೆ ಎರೆಹುಳ?”

ಅವ್ವ “ಅದ್ಕೆ ಕಣ್ಣಿಲ್ಲ ಬುಡು” ಎಂದು ಡಬ್ಬ ಕಿತ್ತುಕೊಂಡು ಕಪ್ಪೆಯನ್ನು ಹಿತ್ತಲಿಗೆ ಬಿಟ್ಟುಬಂದಳು. ಈ ನ್ಯಾಯಕ್ಕೆ ಯಾವ ಕೋರ್ಟಿನಲ್ಲೂ ಎದುರುವಾದವಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೆ ನನಗೂ ಅಳುಕಿತ್ತು.

ಟೈಲರ್ ಆಗಿ ಹುಟ್ಟಿದ್ದೇಕೆ ಮತ್ತೆ? ಕಪ್ಪೆಯನ್ನೇ ಹೊಲಿಯುತ್ತೇನೆ ಅಂದುಕೊಂಡೆ. ಹಸಿರು ಲೈನಿಂಗ್ ಬಟ್ಟೆ ಕತ್ತರಿಸಿ, ಹತ್ತಿ ತುಂಬಿ, ಶರ್ಟಿನ ಗುಂಡಿಗಳ ಕಣ್ಣಿಟ್ಟೆ. ನೋಡಲಿಕ್ಕೆ ಮುದ್ದಾಗಿತ್ತು. ನೀರಿಗೆ ಹಾಕಿದ್ದೇ ತಡ, ಹತ್ತಿ ನೀರು ಕುಡಿದು ನೆಟ್ಟಗೆ ತಳ ಸೇರಿತು. ನನ್ನ ಕುಶಲತೆಗೆ ನಾನೇ ಬೈದುಕೊಂಡೆ. ತೇಲುವಂಥದ್ದು ಬೇಕು, ಒಳಗೆ ಏನು ತುಂಬಲಿ ಎಂದು ಯೋಚಿಸುತ್ತ ಮನೆಗೆ ಬಂದರೆ ಕಣ್ಣಿಗೆ ಬಿದ್ದದ್ದು ಅವ್ವನ ಹವಾಯಿ ಚಪ್ಪಲಿ. ಎಡಗಾಲಿನದರ ಹಿಮ್ಮಡಿ ಕತ್ತರಿಸಿಬಿಟ್ಟೆ. ಸವೆದದ್ದೇ, ಆದರೂ ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ರಬ್ಬರಿಗೆ ಕಪ್ಪು ಬಟ್ಟೆ ಹೊದಿಸಿ, ಹಿಂದೆ ದಾರದ ಎರಡು ಗೊಂಚಲು ಕಾಲು ಕಟ್ಟಿ, ಜೊಂಡಿಗೆ ಸಿಕ್ಕಿಕೊಳ್ಳದ ಹಾಗೆ ಗಾಳದ ಮೊನೆ ಮೇಲಕ್ಕೆ ಬರುವಂತೆ ಹೊಲಿದೆ. ಇದು ತೇಲಿತು!

ತೇಲಿತು ನಿಜ, ಆದರೆ ನನಗೆ ನಂಬಿಕೆ ಬರಬೇಕಲ್ಲ. ಗುರುವಾರ ಎರಡು ಸಲ ಎಸೆದು ನೋಡಿದೆ, ಏನೂ ಇಲ್ಲ. ತೆಗೆದು ಹುಳ ಕಟ್ಟಿದೆ. ಒಂದು ಗೆಂಡೆ ಬಂತು. ಮತ್ತೆ ಕಪ್ಪೆ, ಮತ್ತೆ ಹುಳ. ಕೈಗೆ ದಾರ ಬಿಚ್ಚಿ ಕಟ್ಟುವುದೇ ಕೆಲಸವಾಯಿತು. ಶುಕ್ರವಾರವೂ ಇದೇ ಹಾಡು. ಕೆರೆ ಏರಿಯ ಮೇಲೆ ಕುರಿ ಮೇಯಿಸುತ್ತಿದ್ದ ತಾತನೊಬ್ಬ ಎರಡು ದಿನದಿಂದ ಇದನ್ನೆಲ್ಲ ನೋಡುತ್ತಿದ್ದನಂತೆ. ಕೋಲೂರಿಕೊಂಡು ಕೆಳಗಿಳಿದು ಬಂದು ನನ್ನ ಕಪ್ಪೆಯನ್ನು ಎತ್ತಿ ತಿರುಗಿಸಿ ನೋಡಿದ.

“ವಸಿ ಬಿಟ್ಟಿದ್ರೆ ಇದ್ಕೂ ಕಾಲರ್ ಮಡಗ್ತಿದ್ದೆ ನೀನು” ಎಂದು ನಕ್ಕ. ಆಮೇಲೆ ನನ್ನ ಹುಳದ ಡಬ್ಬವನ್ನು ತನ್ನ ಕಂಬಳಿಯೊಳಗೆ ಸೇರಿಸಿಕೊಂಡ.

“ತಾತ, ಅದು ಕೊಡು.”

“ಕೊಡಾಕಿಲ್ಲ ಕಣ್ಲಾ. ಇದು ಪಕ್ಕದಾಗಿರಗಂಟ ಆ ಕಪ್ಪೆ ಮ್ಯಾಲೆ ನಿನ್ಗೆ ಮನ್ಸು ನಿಲ್ಲಾಕಿಲ್ಲ. ನೀನು ನಂಬ್ದೆ ಇರೋದ್ನ ಮೀನು ಹೆಂಗ್ಲಾ ನಂಬ್ತದೆ? ಅದ್ನೇ ಆಡ್ಸು. ಕುಪ್ಪಳಿಸ್ಲಿ, ನಿಲ್ಲಿ, ಮತ್ತೆ ಕುಪ್ಪಳಿಸ್ಲಿ. ನಿಜವಾದ ಕಪ್ಪೆ ಏನು ಬಸ್ ಹಿಡಿಯಾಕೆ ಓಡ್ತದಾ?”

ಸಿಟ್ಟು ನೆತ್ತಿಗೇರಿತು. ಆದರೆ ಡಬ್ಬ ಅವನ ಕಂಕುಳಲ್ಲಿತ್ತು, ಏನು ಮಾಡಲಿ? ಅವತ್ತೆಲ್ಲ ಅದೇ ಕಪ್ಪೆಯನ್ನು ಜೊಂಡಿನ ಅಂಚಿನಲ್ಲಿ ಕುಣಿಸಿದೆ. ಗಾಳದ ಕೋಲಿನ ತುದಿಯನ್ನು ಎಷ್ಟು ಅಲ್ಲಾಡಿಸಿದರೆ ಅದು ಎಷ್ಟು ನೆಗೆಯುತ್ತದೆ, ಎಲ್ಲಿ ನಿಲ್ಲಿಸಿದರೆ ದಾರದ ಕಾಲು ತಾನಾಗಿ ಬಿಚ್ಚಿಕೊಳ್ಳುತ್ತದೆ, ಎಲ್ಲ ನಿಧಾನಕ್ಕೆ ಕೈಗೆ ಹತ್ತಿತು. ಹೊಸ ಹೊಲಿಗೆ ಮಿಷನ್ನಿನ ಪೆಡಲು ಕಾಲಿಗೆ ಒಗ್ಗುತ್ತದಲ್ಲ, ಹಾಗೆ. ಸಾಯಂಕಾಲದ ಹೊತ್ತಿಗೆ ಅದು ಚಪ್ಪಲಿ ಎಂಬುದೇ ನನಗೆ ಮರೆತುಹೋಗಿತ್ತು.

ಶನಿವಾರ ಬೆಳಿಗ್ಗೆ ಜೊಂಡು ಧಡ್ ಎಂದು ಒಡೆದು ಮೀನು ಕಪ್ಪೆಯ ಮೇಲೆ ಎರಗಿತು. ನೀರು ಎದೆಮಟ್ಟ ಹಾರಿತು. ನಾನು ಹೌಹಾರಿ ಜಗ್ಗಿದ ರಭಸಕ್ಕೆ ಕಪ್ಪೆ ಹಾರಿ ಬಂದು ಹಿಂದೆ ನಿಂತಿದ್ದ ತಾತನ ರುಮಾಲಿಗೆ ಸಿಕ್ಕಿಕೊಂಡಿತು.

“ಅಯ್ಯೋ ನಿನ್ನ! ಬಾಯಿಗಾಕ್ಕೊಳ್ಳಾಕೂ ಬುಡ್ದೆ ಕಿತ್ಕೊಂಡ್ಯಲ್ಲೋ! ಅದು ಕಚ್ದಾಗ ಎಳೀಬ್ಯಾಡ, ಭಾರ ಕೈಗೆ ಬಂದ್ಮೇಲೆ ಎಳಿ.”

ಅವಮಾನಕ್ಕಿಂತ ಸಂಕಟವಾಯಿತು. ಉಳಿದದ್ದು ಒಂದೇ ಬೆಳಿಗ್ಗೆ. ಆ ದಿನ ಅವಳು ಬರೀ ಮಜ್ಜಿಗೆ ಕುಡಿದು ಮಲಗಿದಳು. “ಬುಡಯ್ಯಾ, ಆರು ದಿನದಿಂದ ಕೆರೇನೇ ಕಾಯ್ತಿದ್ದೀಯ, ನಮ್ಮೂರಿಗೋಗಿ ತಿಂತೀನಿ” ಅಂದಳು. ಸಮಾಧಾನಕ್ಕೇ ಅಂದದ್ದು. ನನಗೆ ಮಾತ್ರ ಅಳುವೇ ಬಂದುಬಿಟ್ಟಿತು.

ಭಾನುವಾರ, ತಾತ ಹಿಂದಿರುಗಿಸಿದ್ದ ಹುಳದ ಡಬ್ಬವನ್ನು ನಾನಾಗಿಯೇ ಮನೆಯಲ್ಲಿ ಬಿಟ್ಟು ಹೋದೆ. ಕುಣಿಸಿದೆ, ನಿಲ್ಲಿಸಿದೆ, ಮತ್ತೆ ಕುಣಿಸಿದೆ. ಬಿಸಿಲೇರಿತು. ತಾತನ ಕುರಿಗಳು ಏರಿಯಾಚೆ ಹೋದವು. ಬೇರೆ ಏನಾದರೂ ಕಟ್ಟಿ ನೋಡೋಣ ಎಂದು ಒಮ್ಮೆಯೂ ಅನ್ನಿಸಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಜೊಂಡು ಮತ್ತೆ ಒಡೆಯಿತು. ಕಪ್ಪೆ ಮಾಯ. ಕೈ ಜಗ್ಗು ಜಗ್ಗು ಅನ್ನುತ್ತಿತ್ತು. ಹಲ್ಲು ಕಚ್ಚಿ ಒಂದು, ಎರಡು, ಮೂರು ಎಂದು ಎಣಿಸಿದೆ. ದಾರ ಬಿಗಿಯಾಯಿತು, ಭಾರ ಕೈಗೆ ಬಂತು, ಎಳೆದೆ. ಜೊಂಡು ಸಮೇತ ದಡಕ್ಕೆ ಬಂದು ಬಿದ್ದ ಅದರ ಮೇಲೆ ಪಂಚೆ ಬಿಚ್ಚಿ ಹಾಕಿ ಅಪ್ಪಿಕೊಂಡೆ. ಮೊಳದುದ್ದವೂ ಇರಲಿಲ್ಲ, ಆದರೆ ಕೊರಮೀನು! ಮೀನನ್ನು ಪಂಚೆಯಲ್ಲೇ ಸುತ್ತಿಕೊಂಡು ಬರೀ ಚಡ್ಡಿಯಲ್ಲಿ ಊರೊಳಗೆ ಓಡಿದೆ. ನೋಡಿದವರು ನಗಲಿ, ನನಗೇನು?

ಮನೆಗೆ ಬಂದರೆ ಜಗುಲಿಯ ಮೇಲೆ ಭಾವ ಕೂತಿದ್ದ. ಯಾರದೋ ಲಾರಿ ಸಿಕ್ಕಿ ಬೇಗ ಬಂದಿದ್ದನಂತೆ. ತಂಗಿಗೆ ಕೊರಮೀನೆಂದರೆ ಪ್ರಾಣವೆಂದು ಅವನಿಗೆ ಮೊದಲಿಂದಲೂ ಗೊತ್ತಿತ್ತಲ್ಲ, ಅವನ ಮುಂದೆ ಒದ್ದೆ ಗೋಣಿಚೀಲದಲ್ಲಿ ಎರಡು ಕೊರಮೀನು, ಒಂದೊಂದೂ ತೋಳುದ್ದ. ನನ್ನ ಪಂಚೆಯ ಗಂಟನ್ನು ಬಿಚ್ಚಬೇಕೋ ಬೇಡವೋ ಎಂದು ನಾನು ಹೊಸಿಲಲ್ಲೇ ನಿಂತೆ. ಹೆಂಡತಿ ಎದ್ದು ಬಂದು ತಾನೇ ಬಿಚ್ಚಿ ನೋಡಿದಳು. ಆಮೇಲೆ ಅವ್ವನ ಕಡೆ ತಿರುಗಿ, “ಅತ್ತೆ, ನಂಗೆ ಇದು ಬ್ಯಾರೆ ಮಾಡಿ. ಅಣ್ಣ ತಂದಿದ್ದು ನೀವೆಲ್ಲ ತಿನ್ನಿ” ಅಂದಳು.

ಅವತ್ತು ಅವಳು ಎರಡು ಮುದ್ದೆ ಉಂಡಳು. ಹಿತ್ತಲಿಗೆ ಓಡಲಿಲ್ಲ. ಭಾವನ ಮೀನು ಬಹಳ ರುಚಿಯಾಗಿತ್ತು. ನನ್ನ ಮೀನಿನ ರುಚಿ ಹೇಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ತಲೆಯಿಂದ ಬಾಲದವರೆಗೆ ಒಂದು ತುಂಡೂ ಯಾರಿಗೂ ಬಿಡದೆ ಅವಳೇ ತಿಂದು ಮುಗಿಸಿದಳು.