ಅತ್ತೆಯ ದವಡೆ ಹಲ್ಲು

ಇಪ್ಪತ್ತೆರಡು ವರ್ಷದಿಂದ ಊರವರ ಹಲ್ಲು ನೋಡುತ್ತಿದ್ದ ಡಾಕ್ಟರಮ್ಮನ ಕುರ್ಚಿಯಲ್ಲಿ ಅವಳ ಅತ್ತೆ ಮಾತ್ರ ಒಂದು ದಿನವೂ ಕೂತಿರಲಿಲ್ಲ. "ಮನೇಲಿ ನನ್ನ ಬಾಯಿ ಮುಚ್ಚಿಸೋಕಾಗಲ್ಲ ಅಂತ ಅಲ್ಲಿಗೆ ಕರೀತಾಳೆ" ಎಂದು ನಗಾಡುತ್ತಿದ್ದರು. ದವಡೆ ಹಲ್ಲೊಂದರ ಮೂಲೆ ಮುರಿದು ತುತ್ತು ಅಗಿಯುವುದೇ ಕಷ್ಟವಾದಾಗ ಬೇರೆ ದಾರಿಯಿಲ್ಲದೆ ಬಂದು ಕೂತರು. ಕ್ಯಾಪ್ ಹಾಕಬೇಕಿತ್ತು. ಮಾತ್ರೆ ಏನಾದರೂ ತಗೊಳ್ಳುತ್ತೀರಾ ಎಂದು ಸೊಸೆ ಮೊದಲೇ ಕೇಳಿದ್ದಳು. "ಏನೂ ಇಲ್ಲ, ಬಿಪಿಗೂ ಇಲ್ಲ" ಎಂದು ಅತ್ತೆ ಖಡಾಖಂಡಿತವಾಗಿ ಹೇಳಿದ್ದರು.

ಹಲ್ಲನ್ನು ಸುತ್ತಲೂ ತೇಯುವವರೆಗೆ ಎಲ್ಲ ಸಲೀಸಾಗಿತ್ತು. ಆಮೇಲೆ ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ ಔಷಧಿಯಲ್ಲಿ ನೆನೆಸಿದ ಸಣ್ಣ ದಾರವನ್ನು ಸೇರಿಸುತ್ತ ಹೋದಳು. ವಸಡು ಪಕ್ಕಕ್ಕೆ ಸರಿದು ಹಲ್ಲಿನ ಅಂಚು ಒಣಗಿದ್ದರೆ ಮಾತ್ರ ಕ್ಯಾಪ್‌ಗಾಗಿ ತೆಗೆಯುವ ಹಲ್ಲಿನ ಅಚ್ಚು ಸರಿಯಾಗಿ ಬರುತ್ತದೆ. ಆದರೆ ಅಲ್ಲೇ ರಕ್ತ ಜಿನುಗಿತು. ಒರೆಸಿದಳು. ಮತ್ತೆ ಜಿನುಗಿತು. ಐದು ನಿಮಿಷ ಒತ್ತಿ ಹಿಡಿದು ಬಿಟ್ಟಳು; ಬಿಟ್ಟ ಕೂಡಲೇ ತುಂಬಿಕೊಂಡಿತು.

ಸಿಸ್ಟರ್ ಇನ್ನೊಂದು ಡಬ್ಬಿ ಮುಂದೆ ಹಿಡಿದಳು. "ಮೇಡಂ, ಈ ದಾರ ಹಾಕಿಬಿಡಿ. ಬೇಗ ನಿಲ್ಲುತ್ತೆ."

ಅದರಲ್ಲಿದ್ದ ಔಷಧಿ ರಕ್ತವನ್ನು ತಡೆಯುತ್ತದೆ, ಜೊತೆಗೆ ಎದೆಬಡಿತವನ್ನೂ ಏರಿಸುತ್ತದೆ. ಡಾಕ್ಟರಮ್ಮ ಆ ದಾರವನ್ನು ಇಕ್ಕಳದಲ್ಲಿ ಎತ್ತಿಕೊಂಡಳು. ಕೈ ಬಾಯಿಯ ಹತ್ತಿರ ಹೋದಾಗ ಅತ್ತೆಯ ಸೆರಗು ಜಾರಿ ತೋಳು ಕಂಡಿತು. ಅಲ್ಲಿ ಎರಡು ನೀಲಿ ಕಲೆ. ಅತ್ತೆ ಈಚೆಗೆ ಬಿದ್ದಿದ್ದೂ ಇಲ್ಲ, ಏಟಾಗಿದ್ದೂ ಇಲ್ಲ. ಇಕ್ಕಳ ಕೆಳಗಿಟ್ಟಳು.

"ಅತ್ತೆ, ನಿಜ ಹೇಳಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ದೀರಾ? ಹೌದಾದ್ರೆ ಕಣ್ಣು ಮುಚ್ಚಿ."

ಬಾಯಿ ತುಂಬ ಹತ್ತಿ. ಅತ್ತೆ ಮೇಲಿನ ದೀಪವನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ ಕಣ್ಣು ಮುಚ್ಚಿದರು. ಕಣ್ಣೀರು ಕಿವಿಯತ್ತ ಇಳಿಯಿತು.

"ಹಾರ್ಟಿಗಾ?"

ಕಣ್ಣು ತೆರೆದು ಮತ್ತೆ ಮುಚ್ಚಿದರು.

"ಆ ಡಬ್ಬಿ ಒಳಗಿಡು" ಎಂದಳು ಸಿಸ್ಟರ್‌ಗೆ. ಅಚ್ಚಿನ ಆಸೆ ಬಿಟ್ಟಳು. ದಾರ ತೆಗೆದು, ಹತ್ತಿಯಿಟ್ಟು, ಬೆರಳಿನಿಂದ ಒತ್ತಿದಳು. ಹತ್ತು ನಿಮಿಷ, ಮತ್ತೆ ಐದು. ಬೆರಳು ಜೋಮು ಹಿಡಿಯಿತು. ಹತ್ತಿ ತೆಗೆದು ಕಾದಳು. ಜಿನುಗಲಿಲ್ಲ. ಇನ್ನೂ ಕಾದಳು. ಇಲ್ಲ, ನಿಂತಿತ್ತು. ವಸಡನ್ನು ತರಚದಂತೆ ತಾತ್ಕಾಲಿಕ ಕ್ಯಾಪಿನ ಅಂಚು ನುಣುಪು ಮಾಡಿ ಕೂರಿಸಿದಳು.

ಬಾಯಿ ಖಾಲಿಯಾದದ್ದೇ ಅತ್ತೆ, "ಮೂರು ತಿಂಗಳಾಯ್ತು. ನಾನೊಬ್ಬಳೇ ಹೋಗಿ ತೋರಿಸಿಕೊಂಡು ಬಂದೆ. ಹೇಳಿದ್ರೆ ನನ್ನ ಮಗ ಮೆಟ್ಟಿಲು ಹತ್ತೋಕೂ ಬಿಡಲ್ಲ" ಎಂದರು. "ಹಲ್ಲಿಗೋಸ್ಕರ ಮಾತ್ರೆ ನಿಲ್ಲಿಸ್ಲಾ?"

"ಒಂದು ದಿನವೂ ತಪ್ಪಿಸಬೇಡಿ. ಹಲ್ಲು ಕಾಯುತ್ತೆ. ಆದ್ರೆ ನಿಮ್ಮ ಮಗನಿಗೆ ಇವತ್ತೇ ಹೇಳ್ಬೇಕು."

"ನೀನೇ ಹೇಳು."

"ಪಕ್ಕದಲ್ಲಿ ಕೂತಿರ್ತೀನಿ. ನೀವೇ ಹೇಳಿ."

ಹೇಳಿದರು. ಮಗ ಒಂದು ಗಂಟೆ ಕೂಗಾಡಿದ, ಆಮೇಲೆ ಅಮ್ಮನ ಕಾಲ ಬಳಿ ಕೂತುಬಿಟ್ಟ.

ಎರಡು ವಾರದಲ್ಲಿ ವಸಡು ಮಾಗಿತ್ತು. ಹೃದಯದ ಡಾಕ್ಟರ ಹತ್ತಿರವೂ ಮಾತಾಡಿ, ಸೊಸೆ ಮೊದಲಿನ ದಾರವನ್ನೇ ಮತ್ತೆ ಇಟ್ಟಳು. ಒಂದು ಹನಿಯೂ ಬರಲಿಲ್ಲ. ಅಚ್ಚು ಗಟ್ಟಿಯಾಗುವವರೆಗೆ ಅತ್ತೆ ಅವಳ ಬಿಳಿ ಕೋಟಿನ ಅಂಚನ್ನು ಹಿಡಿದೇ ಇದ್ದರು.