ತವರಿಗೆ ಹೋಗಲೊಂದು ಮ್ಯಾಕ್ರೋ

ಜನ ಕಂಪ್ಯೂಟರ್ ಕಲಿಯುವುದು ನೌಕರಿಗೆ, ಬಡ್ತಿಗೆ, ಇಲ್ಲವೇ ಮಕ್ಕಳ ಮುಂದೆ ಮರ್ಯಾದೆ ಉಳಿಸಿಕೊಳ್ಳುವುದಕ್ಕೆ. ನಾನು ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬರೆಯಲು ಕಲಿತದ್ದು ಜೋಕಾಲಿ ಆಡುವುದಕ್ಕೆ. ನಗಬೇಡಿ. ನಾಗರಪಂಚಮಿಗೆ ತವರಿಗೆ ಹೋಗಿ ಜೋಕಾಲಿ ಜೀಕಲಾಗದ ಹೆಣ್ಣುಮಗಳ ಸಂಕಟವನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಬಿಡಿಸಿ ಹೇಳಿದರೂ ತಿಳಿಯುವುದಿಲ್ಲ.

ನಮ್ಮದು ಗೋಕಾಕದಲ್ಲಿ ಕರದಂಟು ಮಾಡುವ ಮನೆ. ಅಂಟು, ಒಣಕೊಬ್ಬರಿ, ಬೆಲ್ಲ, ತುಪ್ಪದ ಘಮ ಒಮ್ಮೆ ಸೀರೆಗೆ ಹತ್ತಿತೆಂದರೆ ಎಷ್ಟು ಒಗೆದರೂ ಹೋಗುವುದಿಲ್ಲ. ಪಾಕದ ಒಡೆತನ ಅತ್ತೆಯದು. ಅಂಗಡಿ ನಮ್ಮವರದು. ಬಿ.ಕಾಂ. ಮಾಡಿದ ತಪ್ಪಿಗೆ ಕಂಪ್ಯೂಟರ್ ನನ್ನದು. ಯಾವ ಅಂಗಡಿಗೆ ಎಷ್ಟು ಡಬ್ಬಿ ಬೇಕೆಂಬುದನ್ನು ನಮ್ಮವರು ಸಂಜೆಯೇ ಶೀಟಿನಲ್ಲಿ ತುಂಬಿರುತ್ತಾರೆ. ಬೆಳಗ್ಗೆ ಐದೂವರೆಗೆ ನಾನು ಅದನ್ನು ಊರುವಾರು ಬೇರೆ ಮಾಡಿ, ಗೋಕಾಕದ್ದೊಂದು, ಮೂಡಲಗಿಯದೊಂದು, ಹುಕ್ಕೇರಿಯದೊಂದು ಪ್ರಿಂಟು ತೆಗೆಯಬೇಕು. ಆ ಹಾಳೆ ನೋಡಿಯೇ ಡಬ್ಬಿ ಕಟ್ಟುತ್ತಾರೆ, ವ್ಯಾನು ಹೊರಡುತ್ತದೆ. ಈ ಕೆಲಸವನ್ನು ನಮ್ಮವರೇ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಬೆಳಗ್ಗೆ ಏಳುವ ಯೋಗ ಅವರ ಜಾತಕದಲ್ಲಿಲ್ಲ.

ಪಂಚಮಿ ಬಂತೆಂದರೆ ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿಗಳ ಗದ್ದಲವೂ ಸೇರಿಕೊಳ್ಳುತ್ತದೆ. ತವರಿಗೆ ಬಂದ ಊರ ಹೆಣ್ಣುಮಕ್ಕಳು ತಿನ್ನುವ ಉಂಡಿ ನಮ್ಮ ಮನೆಯಿಂದ ಹೋಗಬೇಕು, ಹೀಗಾಗಿ ನಮ್ಮ ಮನೆಯ ಹೆಣ್ಣುಮಕ್ಕಳು ತವರಿಗೆ ಹೋಗುವಂತಿಲ್ಲ! ಕುಲಗೋಡದಿಂದ ನನ್ನ ಅಣ್ಣ ಪ್ರತಿ ವರ್ಷ ಬೈಕಿನ ಮೇಲೆ ಕರೆಯಲು ಬರುತ್ತಿದ್ದ. ಚಹಾ ಕುಡಿದು, ನನ್ನ ಮುಖ ನೋಡಿ, ಖಾಲಿ ಬೈಕು ತಿರುಗಿಸಿಕೊಂಡು ಹೋಗುತ್ತಿದ್ದ. ಕಳೆದ ಬಾರಿ ಅವನು ಹಾಗೆ ಹೋದ ಮೇಲೆ ನನಗೆ ಅಳು ಬರುವ ಬದಲು ಸಿಟ್ಟು ಬಂತು. ಅಳುವುದಕ್ಕಿಂತ ಸಿಟ್ಟು ಲೇಸು. ಅದು ಕೈಯಿಂದ ಏನಾದರೂ ಮಾಡಿಸುತ್ತದೆ.

ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಮಾಡುವ ಸಾಧನದ ಆಸೆ ಮನುಷ್ಯನಿಗೆ ಹೊಸದೇನಲ್ಲ. ಹಿಂದೆ ಮದುವೆಯ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದರಂತೆ. ತಳದಲ್ಲಿ ಸಣ್ಣ ತೂತಿನ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ಅದು ತುಂಬಿ ಮುಳುಗಿದಾಗ ಒಂದು ಗಳಿಗೆ. ಜಾಣ ಉಪಾಯವೇ. ಆದರೆ ಮುಳುಗಿದ ಬಟ್ಟಲನ್ನು ಎತ್ತಿ ಮತ್ತೆ ತೇಲಿಬಿಡಲು ಒಬ್ಬ ಅಲ್ಲೇ ಕೂತಿರಬೇಕು. ಎಲ್ಲರೂ ಮದುವೆಯಲ್ಲಿ ನಲಿದಾಡುವಾಗ ಅವನು ಮಾತ್ರ ಬಟ್ಟಲು ನೋಡುತ್ತಿರಬೇಕು. ಆ ಪುಣ್ಯಾತ್ಮನ ಹೆಸರು ಯಾವ ಲಗ್ನಪತ್ರಿಕೆಯಲ್ಲೂ ಬಂದಿರಲಿಕ್ಕಿಲ್ಲ. ನಾನು ಅವನ ವಂಶದವಳೇ ಇರಬೇಕು.

ಎಕ್ಸೆಲ್‌ನಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಿ ಕೆಲಸವನ್ನು ಒಮ್ಮೆ ಮಾಡಿ ತೋರಿಸಿದರೆ, ನಾವು ಮಾಡಿದ್ದನ್ನೆಲ್ಲ ಅದು ಬರೆದಿಟ್ಟುಕೊಳ್ಳುತ್ತದೆ. ನನ್ನ ಮೊದಲ ಮ್ಯಾಕ್ರೋ ನನ್ನ ಗಡಿಬಿಡಿಯನ್ನೂ ಬರೆದಿಟ್ಟುಕೊಂಡಿತು. ಗೋಕಾಕದ ಹಾಳೆಗೆ ಹೋಗುವ ಮುಂಚೆ ನಾನು ತಪ್ಪಿ ಮೂಡಲಗಿಗೆ ಹೋಗಿ ಬಂದಿದ್ದೆ. ಅದೂ ಪ್ರತಿ ಸಲ ಮೂಡಲಗಿಗೆ ಹೋಗಿ ಬಂದೇ ಗೋಕಾಕಕ್ಕೆ ಇಳಿಯತೊಡಗಿತು. ಅದನ್ನೆಲ್ಲ ಅಳಿಸಿ, ಯೂಟ್ಯೂಬಿನ ಮಾಸ್ತರರ ಕಾಲು ಹಿಡಿದು, ಕೊನೆಗೆ ಸರಿಯಾದ ಸಾಲುಗಳನ್ನು ಬರೆದೆ. ಬೆಳಗ್ಗೆ ಐದೂವರೆಗೆ ಎಚ್ಚರಾಗು, ಊರುವಾರು ವಿಂಗಡಿಸು, ಮೂರು ಹಾಳೆ ಮುದ್ರಿಸು, ನಾಳೆಯ ಹೊತ್ತನ್ನು ನೀನೇ ಗುರುತು ಹಾಕಿಕೋ. ಇಷ್ಟೇ. ಗಂಡಸರಿಗೆ ಹೇಳಿ ಸಾಕಾದ ಮಾತನ್ನು ಯಂತ್ರ ಒಂದೇ ಸಲಕ್ಕೆ ಕೇಳಿತು.

ಅತ್ತೆಗೆ ಇದೇನೆಂದು ತಿಳಿಯಬೇಕಿತ್ತು. ಒಮ್ಮೆ ತೋರಿಸಿಕೊಟ್ಟರೆ ಸಾಕು, ದಿನಾ ಅದೇ ಹೊತ್ತಿಗೆ ಎದ್ದು, ಎದುರು ಮಾತಾಡದೆ, ಹೇಳಿದಷ್ಟನ್ನು ಮಾಡುವಂಥದ್ದು ಎಂದು ವಿವರಿಸಿದೆ. ಅವರು ಬೆಲ್ಲ ಕುಟ್ಟುವುದನ್ನು ನಿಲ್ಲಿಸದೆಯೇ, “ಹಂಗಾರ ಸೊಸಿ ಅನ್ನು ಅದಕ್ಕ,” ಎಂದರು.

ಆದರೆ ಮ್ಯಾಕ್ರೋ ಓಡಬೇಕಾದರೆ ಫೈಲು ತೆರೆದಿರಬೇಕು, ಕಂಪ್ಯೂಟರ್ ಎಚ್ಚರಿರಬೇಕು. ನಮ್ಮ ಮನೆಯಲ್ಲೋ ಮಾವನವರ ಕಾಲದಿಂದ ಒಂದು ಪದ್ಧತಿ. ರಾತ್ರಿ ಬಾಗಿಲು ಹಾಕುವಾಗ, ಈಗ ಕಂಪ್ಯೂಟರ್ ಇರುವ ಕಾರ್ಖಾನೆಯ ಮೇನ್ ಸ್ವಿಚ್ಚು ಆರಿಸಿ, ಕೈಮುಗಿದು ಬರುವುದು. ಮೊದಲ ದಿನದ ಪ್ರಯೋಗ ಹಾಗೆಯೇ ಕತ್ತಲಾಯಿತು. ಆರಿಸಬೇಡಿ ಎಂದು ಚೀಟಿ ಅಂಟಿಸಿದೆ. ನಮ್ಮವರು ಚೀಟಿ ಓದಿದರು, ಓದಿ ಆರಿಸಿ ಬಂದರು. ಕೈಗೆ ರೂಢಿಯಾದದ್ದು ಕಣ್ಣಿನ ಮಾತು ಕೇಳುವುದಿಲ್ಲ. ಮರುದಿನ ನೋಡಿದರೆ ಸ್ವಿಚ್ಚಿಗೆ ವಿಭೂತಿ ಎಳೆದು, ಕುಂಕುಮ ಹಚ್ಚಿ, ಮೇಲೊಂದು ದಾಸವಾಳ ಸಿಕ್ಕಿಸಿದೆ. ಅತ್ತೆಯ ಕೆಲಸ. ಆಮೇಲೆ ನಮ್ಮವರು ಅದನ್ನು ಮುಟ್ಟಲಿಲ್ಲ, ಕೈ ಮಾತ್ರ ಮುಗಿದರು. ನನ್ನ ಪರವಾಗಿ ಅತ್ತೆ ಯಾಕೆ ಇಷ್ಟು ಮುತುವರ್ಜಿ ವಹಿಸಿದರೆಂದು ನಾನು ಆಗ ಯೋಚಿಸಲಿಲ್ಲ. ಗೆದ್ದವರಿಗೆ ಯೋಚನೆ ಕಡಿಮೆ.

ಈ ಸಲ ಅಣ್ಣನ ಬೈಕಿನ ಹಿಂದೆ ಕೂತು ಕುಲಗೋಡಕ್ಕೆ ಹೋದೆ. ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬದ ಊಟ ಉಂಡೆ, ನಾಗಪ್ಪನಿಗೆ ಹಾಲೆರೆದೆ, ಬೇವಿನ ಮರದ ಜೋಕಾಲಿಯಲ್ಲಿ ಗೆಳತಿಯರ ಜೊತೆ ಜೀಕಿದೆ. ಮೊದಲ ದಿನ ಮನೆಯಿಂದ ಫೋನು ಬರಲಿಲ್ಲ, ಹೆಮ್ಮೆಯಾಯಿತು. ಎರಡನೆಯ ದಿನವೂ ಬರಲಿಲ್ಲ, ತುಸು ಕಸಿವಿಸಿಯಾಯಿತು. ನಾನೇ ಮಾಡಿ ಕೇಳಿದರೆ ನಮ್ಮವರು ಎಲ್ಲ ಚಲೋ ಐತಿ ಎಂದು ಇಟ್ಟುಬಿಟ್ಟರು. ಪ್ರಿಂಟರಿನಲ್ಲಿ ಒಂದು ಹಾಳೆಯಾದರೂ ಸಿಕ್ಕಿಕೊಳ್ಳಬಾರದಿತ್ತೇ?

ಮರಳಿ ಬಂದಾಗ ಅತ್ತೆ ಕಡಾಯಿಯ ಮುಂದೆ ಇದ್ದರು. ಬೆಲ್ಲದ ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಿನಿಂದ ಹಿಚುಕಿ ನೋಡಿ, ನನ್ನ ಕಡೆ ತಿರುಗದೆಯೇ ಕೇಳಿದರು:

“ನಿನ್ನ ಮಶೀನ ಪಾಕಾ ನೋಡತೈತೇನು?”

ನಾನು ನಕ್ಕು, ಪಾಕದ ಹದವನ್ನು ಶೀಟಿನಲ್ಲಿ ತುಂಬಲಾಗದು ಎಂದು ಉಪನ್ಯಾಸ ಶುರುವಿಟ್ಟುಕೊಂಡೆ. ಅತ್ತೆ ನಗಲಿಲ್ಲ. ನಾನು ಜೋಕಾಲಿಯ ಮೇಲಿದ್ದಾಗ ಹುಕ್ಕೇರಿ ಕಡೆಯ ಅವರ ಅಣ್ಣ ಕರೆಯಲು ಬಂದಿದ್ದನಂತೆ. ಪ್ರತಿ ವರ್ಷ ಬರುತ್ತಾನೆ, ಪಾಕ ಯಾರು ನೋಡಬೇಕೆಂದು ಅತ್ತೆ ಪ್ರತಿ ವರ್ಷ ಹಿಂದಕ್ಕೆ ಕಳಿಸುತ್ತಾರೆ. ಅದು ನನಗೂ ಗೊತ್ತು. ಗೊತ್ತಿದ್ದೂ ನನಗೆ ಅದು ಸಂಕಟವೆಂದು ತೋಚಿರಲಿಲ್ಲ. ಅತ್ತೆಗೂ ತವರೆಂಬುದು ಇರುತ್ತದೆಂದು ಸೊಸೆಯರಿಗೆ ತಡವಾಗಿಯೇ ಹೊಳೆಯುವುದು.

“ಈ ಸಲ ಕೋಲು ಹಿಡಕೊಂಡ ಬಂದಿದ್ದ,” ಎಂದರು ಅತ್ತೆ. “ಮುಂದಿನ ವರ್ಷ ಕರಿಯಾಕ ಬರಾಕ ಆಗತೈತೋ ಇಲ್ಲೋ ತಂಗಿ ಅಂದ.”

ನನ್ನ ಸ್ವಭಾವ ಕೈಕಟ್ಟಿ ಕೂಡುವುದಲ್ಲ. ಸೆರಗು ಸಿಕ್ಕಿಸಿ ಸೌಟು ಇಸಿದುಕೊಂಡೆ. ಶ್ರಾವಣ ಇನ್ನೂ ಮುಗಿದಿರಲಿಲ್ಲ, ಜೋಕಾಲಿಗಳನ್ನೂ ಇನ್ನೂ ಬಿಚ್ಚಿರಲಿಲ್ಲ. ನನ್ನ ಮೊದಲ ಪಾಕ ನೀರಾಗಿ ಹರಿಯಿತು, ಎರಡನೆಯದನ್ನು ಒಡೆಯಲು ಸುತ್ತಿಗೆ ಬೇಕಾಯಿತು. ಅತ್ತೆ ಬೈದರು, ಕಲಿಸಿದರು, ಮತ್ತೆ ಬೈದರು. ನನ್ನದು ಇನ್ನೂ ಪೂರ್ತಿ ಹದಕ್ಕೆ ಬರುವ ಮೊದಲೇ ಒಂದು ಬೆಳಗ್ಗೆ, ಪ್ರಿಂಟು ಬಂದು ಡಬ್ಬಿ ಏರಿಸಿದ ಮೇಲೆ, ಅತ್ತೆ ಇಳಕಲ್ ಸೀರೆ ಉಟ್ಟು ಬಂದು ಹುಕ್ಕೇರಿಯ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. ತೊಡೆಯ ಮೇಲೆ ಅಣ್ಣನಿಗೆಂದು ಮೆತ್ತನೆಯ ಉಂಡಿಯ ಡಬ್ಬಿ.

ಎರಡೇ ದಿನ, ಹೋಗಿ ಬಂದುಬಿಡುತ್ತೇನೆ ಎಂದರು. ನನಗೆ ಆ ಹೊತ್ತಿಗೆ ಧೈರ್ಯ ಸಾಲದೆ, ಪಾಕ ಕೆಟ್ಟರೆ ಏನು ಮಾಡಲಿ ಎಂದು ಕೇಳಿದೆ.

“ಕೆಟ್ರ ಕೆಡ್ಲಿ ಬಿಡ,” ಎಂದರು ಅತ್ತೆ. “ಗೋಕಾಕದ ಮಂದಿ ಒಂದಿನಾ ಗಟ್ಟಿ ಕರದಂಟ ತಿಂದ್ರ ಹಲ್ಲೇನ ಉದರೂದಿಲ್ಲ.”

ಆ ದಿನ ಪಾಕ ತುಸು ಏರಿತು, ಕರದಂಟು ಗಟ್ಟಿಯೇ ಆಯಿತು, ಆದರೂ ಸಂಜೆಯೊಳಗೆ ಖರ್ಚಾಯಿತು. ಎರಡು ದಿನಕ್ಕೆಂದು ಹೋದ ಅತ್ತೆ ವಾರ ಕಳೆದರೂ ಬಂದಿಲ್ಲ.