ನಶ್ಯದ ಮಡಿ

ನಶ್ಯದ ವಾಸನೆ ಬಂದರೆ ಇವತ್ತಿಗೂ ನಾನು ಎದ್ದು ದೂರ ಹೋಗುತ್ತೇನೆ. ಅರವತ್ತರ ದಶಕದ ಕೊನೆಯಲ್ಲಿ ಬೆಟ್ಟದಪುರದ ಕಡೆಯ ನಮ್ಮೂರಿನ ಪುಟ್ಟ ಚರ್ಚಿಗೆ ಬರುತ್ತಿದ್ದ ಗುರುಗಳ ಪೂಜಾವಸ್ತ್ರಗಳನ್ನು ಒಗೆಯುತ್ತಿದ್ದವಳು ನನ್ನ ಅವ್ವ. ಆ ಮಹಾನುಭಾವರು ಬಲಿಪೂಜೆಗೆ ಮೊದಲೊಂದು ಚಿಟಿಕೆ, ಆಮೇಲೊಂದು ಚಿಟಿಕೆ ಮೂಗಿಗೇರಿಸಿ, ಸೀನಿ, ಬಿಳಿ ನಿಲುವಂಗಿಯ ತೋಳಿಗೇ ಒರೆಸಿಕೊಳ್ಳುತ್ತಿದ್ದರು. ಸಿಂಬಳದ ಜೊತೆ ಒಣಗಿ ಸೆಟೆದ ಆ ಕಂದು ಕರೆಯನ್ನು ನೆನೆಸಿ ಬಿಡಿಸುವುದು ನನ್ನ ಪಾಲಿನ ಕೆಲಸ. ಥೂ!

ಗುರುಗಳು ನಾಲಿಗೆಯ ಮೇಲಿಡುವ ಅಪ್ಪ, ಅಂದರೆ ಪರಮಪ್ರಸಾದ, ಮೊದಲ ಸಲ ತೆಗೆದುಕೊಳ್ಳಲು ಸಿದ್ಧವಾಗುವ ಮಕ್ಕಳಿಗೆ ಚರ್ಚಿನ ಉಪದೇಶಿ ಆ ಬಟ್ಟೆಗಳ ಅರ್ಥ ಕಲಿಸುತ್ತಿದ್ದರು. ಸೊಂಟದ ಹುರಿ ಅಂದರೆ ಸಂಯಮ, ಕೊರಳ ಪಟ್ಟಿ ಅಂದರೆ ಕ್ರಿಸ್ತನ ನೊಗ, ಮೇಲಿನ ಬಣ್ಣದ ಹೊದಿಕೆ ಅಂದರೆ ಎಲ್ಲವನ್ನೂ ಮುಚ್ಚುವ ಪ್ರೀತಿ. ಹೌದು, ನಶ್ಯದ ಕರೆಯನ್ನೂ ಅದೇ ಮುಚ್ಚುತ್ತಿತ್ತು. ಬಿಳಿ ನಿಲುವಂಗಿಗೆ ಪುಸ್ತಕದಲ್ಲಿ ‘ಆತ್ಮದ ನೈರ್ಮಲ್ಯ’ ಎಂದಿತ್ತು. ನಮಗೆ ತಿಳಿಯಲೆಂದು ಉಪದೇಶಿ, “ನೈರ್ಮಲ್ಯ ಅಂದ್ರೆ ಮಡಿ ಕಣ್ರೋ” ಎಂದರು.

ಅಲ್ಲಿಗೆ ಕೆಟ್ಟಿತು. ಏಸುವಿನ ಬಟ್ಟೆಗೂ ನಮ್ಮೂರಿನ ಮಡಿ ಅಂಟಿಕೊಂಡಿತು. ಹೊಲಗಳಲ್ಲಿ ಕೂಲಿಗೆ ಹೊಗೆಸೊಪ್ಪು ಮುರಿದು ಮುರಿದು ಅದರ ಅಂಟಿನಿಂದ ಕಪ್ಪಾಗಿದ್ದ ಅವ್ವನ ಕೈ ಒಗೆಯುವುದಕ್ಕೆ ಆಗುತ್ತಿತ್ತು, ಒಣಗಿದ ಮೇಲೆ ಮುಟ್ಟುವುದಕ್ಕೆ ಆಗುತ್ತಿರಲಿಲ್ಲ. ಉಪದೇಶಿಯೇ ಬಂದು ಹಗ್ಗದ ಮೇಲಿನ ಬಟ್ಟೆಯನ್ನು ಕೋಲಿನಲ್ಲಿ ಎತ್ತಿಕೊಂಡು ಹೋಗುತ್ತಿದ್ದರು.

ಗುರುಗಳು ನಮ್ಮನ್ನು ಪರೀಕ್ಷೆ ಮಾಡಿದ ದಿನ ನನಗೆ ಬಂದದ್ದು ಅದೇ ಪ್ರಶ್ನೆ.

“ಬಿಳಿ ನಿಲುವಂಗಿ ಅಂದರೆ ಏನಮ್ಮ?”

“ಮಡಿ, ಸ್ವಾಮಿ. ನೀವು ಕೊಳೆ ಮಾಡ್ತೀರಿ, ನಮ್ಮವ್ವ ಮಡಿ ಮಾಡ್ತಾಳೆ.”

ನಮ್ಮ ಮನೆಯಲ್ಲಿ ಒಗೆದ ಬಟ್ಟೆಗೇ ಮಡಿ ಅನ್ನುತ್ತಿದ್ದದ್ದು. ಗೊತ್ತಿದ್ದುದನ್ನು ಹೇಳಿದ್ದೆ, ಅಷ್ಟೇ. ಗುರುಗಳ ಮುಖ ಕೆಂಪಾಯಿತು. ತಾಯಿ ಬಂದು ಕ್ಷಮೆ ಕೇಳದಿದ್ದರೆ ನನಗೆ ಪರಮಪ್ರಸಾದ ಇಲ್ಲ ಎಂದುಬಿಟ್ಟರು.

ಗುರುಗಳ ಎದುರು ಹೋಗಲೆಂದು ಅವ್ವ ಹುಣಸೆಹುಳಿ, ಬೂದಿ ಹಾಕಿ ಕೈಯ ಕಪ್ಪನ್ನು ಉಜ್ಜತೊಡಗಿದಳು. ಚರ್ಮ ಕಿತ್ತು ರಕ್ತ ಜಿನುಗಿತು.

“ಬುಡವ್ವ, ನಂಗೆ ಅದು ಬ್ಯಾಡ,” ಎಂದು ನಾನು ಅತ್ತುಬಿಟ್ಟೆ.

“ಸುಮ್ಕಿರು. ನೀನು ಎಲ್ಲರ ಜೊತೇಲಿ ಸಾಲಲ್ಲಿ ನಿಂತ್ಕಬೇಕು ಕಣೆ,” ಎಂದಳು. ಹೋಗಿ, ಚರ್ಚಿನ ಮೆಟ್ಟಿಲ ಕೆಳಗೆ ನಿಂತು ಕ್ಷಮೆ ಕೇಳಿ ಬಂದಳು.

ಭಾನುವಾರ ನಾನು ಮೊಣಕಾಲೂರಿ ನಾಲಿಗೆ ಚಾಚಿದೆ. ಅವ್ವ ಒಗೆದ ನಿಲುವಂಗಿ ಬೆಳ್ಳಗೆ ಹೊಳೆಯುತ್ತಿತ್ತು. ಗುರುಗಳ ಬೆರಳು ಅಪ್ಪವನ್ನಿಟ್ಟು ನಾಲಿಗೆಗೆ ತಾಗಿ ಹೋಯಿತು. ಕಾರ, ಕಹಿ. ನಶ್ಯ! ಅದೂ ಹೊಗೆಸೊಪ್ಪೇ. ಅಲ್ಲೇ ಉಗಿದುಬಿಡಬೇಕು ಅನ್ನಿಸಿತು.

ತಿರುಗಿ ನೋಡಿದೆ. ಬಾಗಿಲ ಬಳಿ ಅವ್ವ, ಚಿಂದಿ ಸುತ್ತಿದ ಕೈಗಳನ್ನು ಜೋಡಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು.

ನುಂಗಿದೆ.